ಟರೆಂಟಮ್ಮಿನ ನಗೆ

ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಕನ್ನಡ ಕೇಳಿ ಯಾರಾದರೂ ನಕ್ಕಿದ್ದಾರೆಯೆ? ಬಾಯಿತಪ್ಪಿ ‘ಅಜ್ಜಿ ಬಂದ’ ಎಂದಿರಬಹುದು; ಮನೆಮಂದಿಯೆಲ್ಲ ಗೊಳ್ಳೆಂದಿರಬಹುದು. ಆಮೇಲೆ ‘ಈ ಸಹವಾಸವೇ ಬೇಡ’ ಎಂದು ನೀವು ಹಿಂದಿಗೋ ಇಂಗ್ಲಿಷಿಗೋ ಹೊರಳಿರಬಹುದು. ಹಾಗಾಗಿದ್ದರೆ, ಸುಮಾರು 2,300 ವರ್ಷಗಳ ಹಿಂದಿನ ಇಂಥದೇ ಒಂದು ನಗೆಯ ಕಥೆಯನ್ನು ನೀವು ಕೇಳಲೇಬೇಕು.

ಆಗ ಇಟಲಿಯ ದಕ್ಷಿಣ ಕರಾವಳಿಯ ತುಂಬ ಗ್ರೀಕರ ಊರುಗಳಿದ್ದವು. ಅವುಗಳಲ್ಲಿ ಸಿರಿವಂತ ನಗರ ಟರೆಂಟಮ್. ಅಲ್ಲಿನವರು ರೋಮಿನ ಹಡಗುಗಳ ಮೇಲೆ ದಾಳಿ ಮಾಡಿದಾಗ, ಕ್ರಿ.ಪೂ. 282ರ ಸುಮಾರಿಗೆ, ಪೊಸ್ಟುಮಿಯಸ್ ಎಂಬ ರೋಮನ್ ರಾಯಭಾರಿ ಪರಿಹಾರ ಕೇಳಲು ಬಂದ. ನಾಟಕಶಾಲೆಯಲ್ಲಿ ನೆರೆದ ಜನರ ಮುಂದೆ ಗ್ರೀಕಿನಲ್ಲೇ ಮಾತಾಡಿದ. ಅವನ ಉಚ್ಚಾರ ತಪ್ಪಿದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು. ಒಬ್ಬನಂತೂ ಅವನ ಉಡುಪನ್ನೇ ಹೊಲಸು ಮಾಡಿದ. ಈ ಕಲೆಯನ್ನು ನಿಮ್ಮ ರಕ್ತದಿಂದಲೇ ತೊಳೆಯಬೇಕಾದೀತು ಎಂದು ಅವನು ಎಚ್ಚರಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ.

ಯುದ್ಧ ಬಂತು. ಟರೆಂಟಮ್ಮಿನವರು ಸಮುದ್ರದಾಚೆಯ ಎಪಿರಸ್‌ನಿಂದ ದೊರೆ ಪಿರ್ಹಸ್‌ನನ್ನು ಕರೆಸಿಕೊಂಡರು. ಅವನು ಆನೆಗಳೊಡನೆ ಬಂದು ಎರಡು ಕದನ ಗೆದ್ದನಾದರೂ ಅಪಾರ ಸೈನಿಕರನ್ನು ಕಳೆದುಕೊಂಡು ಹಿಂದಿರುಗಿದ. ಕ್ರಿ.ಪೂ. 272ರಲ್ಲಿ ನಕ್ಕವರ ನಗರ ರೋಮಿನ ಕೈಸೇರಿತು.

ಮುಂದೆ ಗ್ರೀಸ್ ದೇಶದ ಸರದಿ. ಅಲ್ಲಿನ ರಾಜ್ಯಗಳಿಗೆ ತಮ್ಮತಮ್ಮಲ್ಲೇ ಜಗಳ; ಒಬ್ಬರನ್ನು ಸೋಲಿಸಲು ಇನ್ನೊಬ್ಬರು ರೋಮನರ ಜೊತೆಗೂಡುತ್ತಿದ್ದರು. ಕ್ರಿ.ಪೂ. 197ರಲ್ಲಿ ಕೈನೊಸೆಫಲಿಯ ಗುಡ್ಡಗಳಲ್ಲಿ ಫ್ಲಾಮಿನಿನಸ್ ಎಂಬ ರೋಮನ್ ಸೇನಾಪತಿ ಮ್ಯಾಸಿಡೋನಿಯದ ಫಿಲಿಪ್‌ನನ್ನು ಸೋಲಿಸಿದ. ಸಮನೆಲದಲ್ಲಿ ಗೋಡೆಯಂತೆ ನಿಲ್ಲುತ್ತಿದ್ದ ಉದ್ದ ಈಟಿಗಳ ವ್ಯೂಹ ಏರುತಗ್ಗಿನ ನೆಲದಲ್ಲಿ ಒಡೆಯಿತು. ಮರುವರ್ಷ ‘ಗ್ರೀಕರು ಸ್ವತಂತ್ರರು’ ಎಂದು ರೋಮನರು ಸಾರಿದರು. ಆ ಮಾತು ಬಹಳ ಕಾಲ ಬಾಳಲಿಲ್ಲ. ಕ್ರಿ.ಪೂ. 168ರಲ್ಲಿ ಪಿಡ್ನಾದಲ್ಲಿ ಮ್ಯಾಸಿಡೋನಿಯ ಮುಗಿಯಿತು. ಕ್ರಿ.ಪೂ. 146ರಲ್ಲಿ ಕೊರಿಂತ್ ನಗರವನ್ನು ಸುಟ್ಟು, ಅಲ್ಲಿನ ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿದರು.

ಈ ಕ್ರೌರ್ಯವನ್ನು ಮರೆಯಬೇಡಿ. ಆದರೆ ಇನ್ನೊಂದನ್ನೂ ಗಮನಿಸಿ. ಟರೆಂಟಮ್ಮಿನಲ್ಲಿ ನಗೆಪಾಟಲಾದ ರೋಮನರು ಗ್ರೀಕ್ ಕಲಿಯುವುದನ್ನು ಬಿಡಲಿಲ್ಲ. ಫ್ಲಾಮಿನಿನಸ್ ಗ್ರೀಕರೇ ಬೆರಗಾಗುವಷ್ಟು ಚೆನ್ನಾಗಿ ಅವರ ಭಾಷೆ ಆಡುತ್ತಿದ್ದ. ಪಿಡ್ನಾದಲ್ಲಿ ಗೆದ್ದ ಪೌಲಸ್, ಸೆರೆಸಿಕ್ಕ ದೊರೆಯೊಡನೆ ಗ್ರೀಕಿನಲ್ಲೇ ಮಾತಾಡಿದ. ಅರಮನೆಯ ಪುಸ್ತಕ ಭಂಡಾರವನ್ನು ತನ್ನ ಮಕ್ಕಳಿಗೆಂದು ತೆಗೆದಿಟ್ಟ.

ಸೋತ ಗ್ರೀಕರೂ ತಮ್ಮ ನುಡಿಯನ್ನು ಬಿಡಲಿಲ್ಲ. ಪಿಡ್ನಾದ ಬಳಿಕ 1,000 ಗ್ರೀಕ್ ಮುಖಂಡರನ್ನು ಇಟಲಿಗೆ ಒಯ್ದರು. 17 ವರ್ಷ ಕಳೆದು ಊರಿಗೆ ಹೋಗಲು ಅಪ್ಪಣೆ ಸಿಕ್ಕಾಗ ಉಳಿದಿದ್ದವರು 300ಕ್ಕಿಂತ ಕಡಿಮೆ. ಅವರಲ್ಲೊಬ್ಬ ಪೊಲಿಬಿಯಸ್. ಪುಸ್ತಕಗಳ ಕೊಡುಕೊಳ್ಳುವಿಕೆಯಿಂದ ಪೌಲಸ್‌ನ ಮಗ ಸಿಪಿಯೋನಿಗೂ ಅವನಿಗೂ ಸ್ನೇಹ ಬೆಳೆಯಿತು. ಕೇವಲ 53 ವರ್ಷಗಳಲ್ಲಿ ರೋಮ್ ತಾನು ಬಲ್ಲ ಜಗತ್ತನ್ನು ಗೆದ್ದದ್ದು ಹೇಗೆಂದು ಅವನು ದೊಡ್ಡ ಇತಿಹಾಸವನ್ನೇ ಬರೆದ. ಬರೆದದ್ದು ಗೆದ್ದವರ ಲ್ಯಾಟಿನ್ನಿನಲ್ಲಲ್ಲ, ತನ್ನ ಗ್ರೀಕಿನಲ್ಲಿ. ಮುಂದೆ ಸಾಮ್ರಾಜ್ಯದ ಪೂರ್ವಭಾಗದಲ್ಲಿ ರೋಮನರೂ ಗ್ರೀಕಿನಲ್ಲೇ ಆಡಳಿತ ನಡೆಸಬೇಕಾಯಿತು. ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ತನ್ನ ಅಂತರಂಗದ ಟಿಪ್ಪಣಿಗಳನ್ನು ಬರೆದುಕೊಂಡದ್ದೂ ಅದೇ ಭಾಷೆಯಲ್ಲಿ.

ಇಲ್ಲಿ ನಮ್ಮ ಕನ್ನಡದ ಮಾತೂ ಬರುತ್ತದೆ. ಗ್ರೀಕ್ ದೊರೆಗಳು ಆಳುತ್ತಿದ್ದ ಈಜಿಪ್ಟ್ ಕ್ರಿ.ಪೂ. 30ರಲ್ಲಿ ರೋಮಿನ ಪಾಲಾಯಿತು. ಅದಾಗಿ ನೂರು ವರ್ಷಗಳ ಮೇಲೂ ಅಲ್ಲಿನ ಜನ ಗ್ರೀಕ್ ಪ್ರಹಸನ ನೋಡಿ ನಗುತ್ತಿದ್ದರು. ಕ್ರಿ.ಶ. ಎರಡನೆಯ ಶತಮಾನದ ಅಂಥದೊಂದು ಪ್ರಹಸನದ ಪ್ರತಿ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ, 1903ರಲ್ಲಿ ಅಚ್ಚಾಯಿತು. ಭಾರತದ ತೀರದಲ್ಲಿ ಸಿಕ್ಕಿಬಿದ್ದ ಖರಿಟಿಯನ್ ಎಂಬ ಗ್ರೀಕ್ ಹುಡುಗಿಯನ್ನು ಬಿಡಿಸಲು ಅವಳ ಕಡೆಯವರು ಇಲ್ಲಿನ ರಾಜನಿಗೆ ಹೆಂಡ ಕುಡಿಸುತ್ತಾರೆ. ಇಲ್ಲಿನವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಸೂಚಿಸಿದರು; ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅದನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಕನ್ನಡವೇ ಆಗಿದ್ದರೆ, ಆ ಪ್ರೇಕ್ಷಕರು ಅಂದು ನಕ್ಕದ್ದು ನಮ್ಮ ಮಾತಿಗೆ!

ಆದ್ದರಿಂದ ಗೆಳೆಯರೆ, ನಗೆಗೆ ಅಂಜಬೇಡಿ. ರೋಮನರು ನಗಿಸಿಕೊಂಡೇ ಕಲಿತರು. ಗ್ರೀಕರು ರಾಜ್ಯ ಕಳೆದುಕೊಂಡರೂ ಶಾಲೆಯಲ್ಲಿ, ಸಂತೆಯಲ್ಲಿ, ರಂಗದ ಮೇಲೆ ತಮ್ಮ ಮಾತನ್ನು ಬಳಸುತ್ತಲೇ ಇದ್ದುದರಿಂದ ಅದು ಉಳಿಯಿತು. ಈ ಪುಟ ಓದುವ ಹಿರಿಯರಿಗೂ ಒಂದು ವಿನಂತಿ: ಮಕ್ಕಳ ತಪ್ಪನ್ನು ತಿದ್ದಿ, ಆದರೆ ಟರೆಂಟಮ್ಮಿನವರಂತೆ ನಗಬೇಡಿ. ಮುಂದಿನ ಸಲ ‘ಅಜ್ಜಿ ಬಂದ’ ಎಂದಾಗ ಯಾರಾದರೂ ನಕ್ಕರೆ, ನೀವೂ ಜೊತೆಗೆ ನಕ್ಕುಬಿಡಿ. ‘ಬಂದಳು’ ಎಂದೋ ‘ಬಂದರು’ ಎಂದೋ ಕೇಳಿ ತಿಳಿದುಕೊಳ್ಳಿ. ಅದರ ಮುಂದಿನ ಮಾತನ್ನೂ ಕನ್ನಡದಲ್ಲೇ ಆಡಿ.