ಮಧುಮೇಹ ಮತ್ತು ನಮ್ಮ ಊಟದ ತಟ್ಟೆ

ಅಮೆರಿಕದಲ್ಲಿ ಆಹಾರತಜ್ಞೆಯಾಗಿ ಕೆಲಸ ಮಾಡುತ್ತಿರುವ ನನಗೆ ನಮ್ಮ ಕನ್ನಡ ಕುಟುಂಬಗಳಿಂದ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದಿದೆ: “ಸಕ್ಕರೆ ಕಾಯಿಲೆ ಬಂದಿದೆ, ಅನ್ನ ಬಿಟ್ಟು ಮುದ್ದೆ ಊಟ ಮಾಡಿದರೆ ಸಾಕಲ್ಲವೇ?” ಉತ್ತರ ಹೇಳುವ ಮೊದಲು ದೇಹದೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ಅನ್ನ, ಮುದ್ದೆ, ಚಪಾತಿ, ದೋಸೆ ಎಲ್ಲದರಲ್ಲೂ ಹೆಚ್ಚಾಗಿರುವುದು ಪಿಷ್ಟ. ಅದು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತ ಸೇರುತ್ತದೆ. ರಕ್ತದಿಂದ ಜೀವಕೋಶಗಳಿಗೆ ಅದು ಸೇರಲು ನೆರವಾಗುವುದು ಇನ್ಸುಲಿನ್. ಹೊಟ್ಟೆಯ ಸುತ್ತ ಮತ್ತು ಯಕೃತ್ತಿನಲ್ಲಿ ಕೊಬ್ಬು ಸೇರಿದಾಗ ಇನ್ಸುಲಿನ್ನಿನ ಪ್ರಭಾವ ಕುಗ್ಗುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಉತ್ಪಾದಿಸಿ ಕೆಲವು ವರ್ಷ ನಿಭಾಯಿಸುತ್ತದೆ. ಅದಕ್ಕೂ ಸಾಧ್ಯವಾಗದೆ ಹೋದಾಗ ಟೈಪ್ 2 ಮಧುಮೇಹ ಕಾಣಿಸಿಕೊಳ್ಳುತ್ತದೆ.

ನೋಡಲು ತೆಳ್ಳಗಿದ್ದರೂ ನಮ್ಮವರಲ್ಲಿ ಹೊಟ್ಟೆಯ ಕೊಬ್ಬು ಹೆಚ್ಚು. ಆದ್ದರಿಂದಲೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ ಏಷ್ಯಾ ಮೂಲದವರಿಗೆ ಮಧುಮೇಹ ಪರೀಕ್ಷೆಯ ಬಿಎಂಐ ಮಟ್ಟವನ್ನು 25ರಿಂದ 23ಕ್ಕೆ ಇಳಿಸಿತು. 5 ಅಡಿ 6 ಇಂಚು ಎತ್ತರದವರಿಗೆ ಇದು ಸುಮಾರು 142 ಪೌಂಡ್. ನಮ್ಮಲ್ಲಿ ಎಷ್ಟೋ ಮಂದಿ ಈ ಗೆರೆ ದಾಟಿದ್ದೇವೆ.

ಈಗ ಮುದ್ದೆಯ ವಿಚಾರಕ್ಕೆ ಬರೋಣ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಕ್ಯಾಲ್ಸಿಯಂ ಅಂತೂ ರಾಗಿಯಲ್ಲಿ ಹಲವು ಪಟ್ಟು ಅಧಿಕ. ಆದ್ದರಿಂದ ರಾಗಿ ಒಳ್ಳೆಯ ಧಾನ್ಯವೇ. ಆದರೆ 75 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 50 ಗ್ರಾಂ ಪಿಷ್ಟವಿದೆ. ಇಲ್ಲಿನ ಅಳತೆಯ ಒಂದು ಕಪ್ ಅನ್ನದಲ್ಲಿರುವುದು ಸುಮಾರು 45 ಗ್ರಾಂ. ಎರಡು ಮುದ್ದೆ ಉಂಡು, ಮೇಲೆ ಮಜ್ಜಿಗೆಗೆ ಅನ್ನ ಕಲಸಿಕೊಂಡರೆ ರಾಗಿಯ ಲಾಭ ಅಲ್ಲಿಗೇ ಮುಗಿಯಿತು. ರಾಗಿ ಮಾಲ್ಟ್ ಕೂಡ ಹಾಗೆಯೇ. ನುಣ್ಣನೆಯ ಹಿಟ್ಟನ್ನು ತೆಳ್ಳಗೆ ಕುದಿಸಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಅದಕ್ಕೆ ಬೆಲ್ಲ ಹಾಕಿದರೂ ಸಕ್ಕರೆ ಹಾಕಿದಂತೆಯೇ.

ಹಾಗಾದರೆ ಬದಲಾಯಿಸಬೇಕಾದದ್ದು ತಟ್ಟೆಯಲ್ಲಿನ ಪ್ರಮಾಣ. 9 ಇಂಚಿನ ತಟ್ಟೆ ತೆಗೆದುಕೊಳ್ಳಿ. ಅರ್ಧ ಭಾಗಕ್ಕೆ ಸೌತೆಕಾಯಿ ಕೋಸಂಬರಿ, ಹುರುಳಿಕಾಯಿ ಪಲ್ಯ, ಸೊಪ್ಪು. ಕಾಲು ಭಾಗಕ್ಕೆ ಹೆಸರುಕಾಳು, ಗಟ್ಟಿ ಬೇಳೆಯ ಹುಳಿ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗಕ್ಕೆ ಮಾತ್ರ ಅನ್ನ ಅಥವಾ ಮುದ್ದೆ. ಆಲೂಗಡ್ಡೆ ಪಲ್ಯವನ್ನು ಅನ್ನದ ಲೆಕ್ಕಕ್ಕೇ ಸೇರಿಸಿ. ನಮ್ಮ ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯ ಬಡಿಸಿದ ಮೇಲೆಯೇ ಅನ್ನ ಬರುತ್ತದೆ. ತರಕಾರಿ, ಕಾಳುಗಳನ್ನು ಮೊದಲು ತಿಂದು ಅನ್ನಕ್ಕೆ ಆಮೇಲೆ ಕೈಹಾಕಿದರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆ ಎಂದು ಇಂದಿನ ಅಧ್ಯಯನಗಳೂ ತೋರಿಸಿವೆ. ನಮ್ಮ ಸಂಘದ ಪಾಟ್‌ಲಕ್ ಮೇಜನ್ನು ನೆನಪಿಸಿಕೊಳ್ಳಿ: ಪುಳಿಯೋಗರೆ, ಚಿತ್ರಾನ್ನ, ಬಿಸಿಬೇಳೆಬಾತ್, ಮೊಸರನ್ನ, ಕೇಸರಿಬಾತ್. ಕೋಸಂಬರಿ ತರುವವರು ಒಬ್ಬರೋ ಇಬ್ಬರೋ. ಮುಂದಿನ ಸಲ ನಾಲ್ಕು ಮನೆಯವರು ತಂದರೆ ಚೆನ್ನ.

ಇಂಥ ಬದಲಾವಣೆಗಳಿಂದ ಏನಾದೀತು ಎನ್ನುವವರಿಗೆ ಈ ದೇಶದಲ್ಲೇ ನಡೆದ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’ ಉತ್ತರವಾಗಿದೆ. ಮಧುಮೇಹದ ಅಂಚಿನಲ್ಲಿದ್ದ 3,234 ಮಂದಿ ಇದರಲ್ಲಿದ್ದರು. ಫಲಿತಾಂಶ ಪ್ರಕಟವಾದದ್ದು 2002ರಲ್ಲಿ. ದೇಹದ ತೂಕದಲ್ಲಿ ಶೇ. 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ, ಇವು ಒಂದು ಗುಂಪಿನ ಗುರಿ. ಹುಸಿ ಮಾತ್ರೆ (ಪ್ಲಸೀಬೊ) ಪಡೆದ ಗುಂಪಿಗೆ ಹೋಲಿಸಿದರೆ ಇವರಲ್ಲಿ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಪಡೆದವರಲ್ಲಿ ಈ ಇಳಿಕೆ ಶೇ. 31.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನವನ್ನು ಏಕಾಏಕಿ ಕಡಿಮೆ ಮಾಡಬಾರದು, ಏಕಾದಶಿಯ ಉಪವಾಸವನ್ನೂ ಮಾಡಬಾರದು. ಸಕ್ಕರೆ 70 ಮಿ.ಗ್ರಾಂಗಿಂತ ಕೆಳಗಿಳಿದರೆ ನಡುಕ, ಬೆವರು, ತಲೆಸುತ್ತು ಬರಬಹುದು. ಆಗ ಅರ್ಧ ಕಪ್ ಹಣ್ಣಿನ ರಸ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಊರಿನಿಂದ ಬರುವ ತಂದೆತಾಯಂದಿರ ಮಾತ್ರೆ ಮತ್ತು ಊಟದ ಹೊತ್ತು ಪ್ರಯಾಣದಲ್ಲಿ ಏರುಪೇರಾಗುತ್ತದೆ. ಅವರು ಹೊರಡುವ ಮುನ್ನವೇ ಅಲ್ಲಿನ ವೈದ್ಯರಿಂದ ವೇಳಾಪಟ್ಟಿ ಬರೆಸಿಕೊಳ್ಳಲಿ.

ಕೊನೆಯದಾಗಿ, ಈ ವರ್ಷದ ತಪಾಸಣೆಯಲ್ಲಿ ನಿಮ್ಮ ಎ1ಸಿ ಎಷ್ಟೆಂದು ಕೇಳಿ ತಿಳಿಯಿರಿ. ಇದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. 5.7ರಿಂದ 6.4ರವರೆಗೆ ಮಧುಮೇಹದ ಅಂಚು, 6.5 ಮತ್ತು ಅದಕ್ಕಿಂತ ಹೆಚ್ಚಾದರೆ ಮಧುಮೇಹ. ಅಂಚಿನಲ್ಲಿದ್ದೀರಿ ಎಂದು ತಿಳಿದರೆ ಹೆದರಬೇಡಿ. ಆ ರಾತ್ರಿಯ ಊಟದಿಂದಲೇ ಪಲ್ಯವನ್ನು ಎರಡು ಸೌಟು ಹೆಚ್ಚು ಹಾಕಿಕೊಳ್ಳಿ, ಊಟವಾದ ಮೇಲೆ ಮನೆಮಂದಿಯೆಲ್ಲ ಸೇರಿ ಒಂದು ಸುತ್ತು ನಡೆದು ಬನ್ನಿ.