ದೀರ್ಘಕಾಲದ ಕಾರ್ಯಗಳನ್ನು ಆರಂಭಿಸಿ ಕೊನೆಗಾಣಿಸುವ ಬಗೆ

ಅರ್ಧಕ್ಕೆ ನಿಂತ ಕೆಲಸಗಳು ನಮ್ಮ ಗ್ರಾಮಗಳಲ್ಲಿ ಅಪರೂಪವಲ್ಲ. ಮೊಳಕಾಲುದ್ದ ತೋಡಿ ಬಿಟ್ಟ ಕೆರೆ, ಬೇಲಿ ಕಟ್ಟಿಯೂ ಸಸಿಯಿಡದ ತೋಟ, ಅಡಿಪಾಯದ ಮೇಲೆ ಹುಲ್ಲು ಬೆಳೆದ ಶಾಲೆ, ಇಂಥವು ಒಂದೆರಡಾದರೂ ಕಣ್ಣಿಗೆ ಬೀಳುವುವು. ಇವುಗಳನ್ನು ಕೈಗೊಂಡವರು ಸೋಮಾರಿಗಳಾಗಿದ್ದರೆಂದು ಹೇಳಲಾಗದು. ಆರಂಭದಲ್ಲಿ ಅವರಿಗಿದ್ದ ಉತ್ಸಾಹವು ಇತರರಿಗಿಂತ ಹೆಚ್ಚಾಗಿಯೇ ಇದ್ದಿರಬಹುದು. ಆದರೆ ಉತ್ಸಾಹವು ಮುಂಗಾರಿನ ಮೊದಲ ಮಳೆಯಂತೆ ರಭಸವಾಗಿ ಬಂದು ಬೇಗನೆ ಇಳಿದುಹೋಗುವುದು. ಅದನ್ನೇ ನಂಬಿ ಹೊರಟವನಿಗೆ ಆರಂಭಶೂರನೆಂಬ ಹೆಸರು ತಪ್ಪದು. ವ್ಯಯವಾದ ಹಣವು ಮಣ್ಣುಪಾಲಾಗುವುದಲ್ಲದೆ, ಇಂಥ ಕೆಲಸವೇ ಅಸಾಧ್ಯವೆಂಬ ಭಾವನೆಯೂ ಊರಿನಲ್ಲಿ ನೆಲೆಗೊಳ್ಳುವುದು. ಈ ಎರಡನೆಯ ನಷ್ಟವೇ ಹೆಚ್ಚಿನದು. ಆದುದರಿಂದ ಹಲವು ವರ್ಷ ಹಿಡಿಯುವ ಕಾರ್ಯವನ್ನು ಹೇಗೆ ತೊಡಗಬೇಕು, ಹೇಗೆ ನಡೆಸಿಕೊಂಡು ಹೋಗಬೇಕು ಎಂಬುದನ್ನು ನಮ್ಮ ಜಿಲ್ಲೆಯ ದೃಷ್ಟಾಂತಗಳಿಂದಲೇ ಇಲ್ಲಿ ವಿಚಾರಮಾಡುವೆವು.

ಕೇಪು ಗ್ರಾಮದ ಸುರಂಗ

ಬಂಟ್ವಾಳ ತಾಲ್ಲೂಕಿನಲ್ಲಿ ವಿಟ್ಲಕ್ಕೆ ಸಮೀಪವಾದ ಕೇಪು ಗ್ರಾಮದ ಶ್ರೀ ಅಮೈ ಮಹಾಲಿಂಗ ನಾಯ್ಕರು ಇತರರ ತೋಟಗಳಲ್ಲಿ ಅಡಿಕೆ ಮತ್ತು ತೆಂಗಿನ ಮರಗಳನ್ನೇರಿ ಕೂಲಿಮಾಡಿ ಜೀವಿಸುತ್ತಿದ್ದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿದ ಜಮೀನುದಾರರೊಬ್ಬರು ೧೯೭೮ರಲ್ಲಿ ಅವರಿಗೆ ಎರಡು ಎಕರೆ ಭೂಮಿಯನ್ನು ಕೊಟ್ಟರು. ಆ ಭೂಮಿಯು ಗುಡ್ಡದ ಇಳಿಜಾರು. ಹುಲ್ಲಲ್ಲದೆ ಬೇರೇನೂ ಬೆಳೆಯದು. ನೀರಿನ ಆಸರೆಯೇ ಇಲ್ಲ. ಬಾವಿ ತೋಡಿಸಿ ನೀರೆತ್ತುವಷ್ಟು ಹಣವು ಅವರಲ್ಲಿರಲಿಲ್ಲ. ಇದ್ದ ಬಂಡವಾಳವೆಂದರೆ ತೋಳಿನ ಬಲ ಒಂದೇ.

ದಕ್ಷಿಣ ಕನ್ನಡದ ದಕ್ಷಿಣ ಭಾಗದಲ್ಲಿಯೂ ಕಾಸರಗೋಡಿನಲ್ಲಿಯೂ ಮುರಕಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ಪಡೆಯುವುದು ಹಿಂದಿನಿಂದ ಬಂದ ಪದ್ಧತಿಯಾಗಿದೆ. ಒಬ್ಬ ಮನುಷ್ಯನು ಬಾಗಿ ಕೆಲಸಮಾಡುವಷ್ಟು ಅಗಲದ ದಾರಿಯನ್ನು, ಬಾಯಿಯ ಕಡೆಗೆ ತುಸು ಇಳಿಜಾರಿರುವಂತೆ ತೋಡುವರು. ಗುಡ್ಡದೊಳಗೆ ಜಿನುಗುವ ನೀರು ಯಂತ್ರದ ಸಹಾಯವಿಲ್ಲದೆ ತಾನಾಗಿ ಹೊರಗೆ ಹರಿದುಬರುವುದು. ನಾಯ್ಕರು ಹಗಲು ಕೂಲಿಗೆ ಹೋಗಿ, ಸಂಜೆ ಮನೆಗೆ ಮರಳಿದ ಬಳಿಕ ದೀಪದ ಬೆಳಕಿನಲ್ಲಿ ಈ ಕೆಲಸವನ್ನು ನಡೆಸಿದರು. ಮೊದಲನೆಯ ಸುರಂಗದಲ್ಲಿ ನೀರು ಸಿಗಲಿಲ್ಲ, ಎರಡನೆಯದರಲ್ಲಿಯೂ ಇಲ್ಲ. ಹೀಗೆ ಐದು ಸುರಂಗಗಳು ವ್ಯರ್ಥವಾದುವು. ನೆರೆಹೊರೆಯವರು ಇದನ್ನು ಹುಚ್ಚುತನವೆಂದರು. ಆರನೆಯ ಸುರಂಗದಲ್ಲಿ ನೀರು ದೊರೆಯಿತು. ಅನಂತರ ಅವರು ಆ ನೀರನ್ನು ಶೇಖರಿಸಲು ತೊಟ್ಟಿ ಕಟ್ಟಿದರು. ಸಾವಿರಾರು ಮುರಕಲ್ಲುಗಳನ್ನು ಹೊತ್ತು ತಂದು, ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಕಟ್ಟೆಗಳನ್ನಿಟ್ಟು, ಅಡಿಕೆ, ತೆಂಗು, ಬಾಳೆಗಳನ್ನು ಬೆಳೆಸಿದರು. ೨೦೨೨ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಇದರಿಂದ ತಿಳಿಯತಕ್ಕ ಅಂಶಗಳು

ಮೊದಲನೆಯದಾಗಿ, ನಾಯ್ಕರು ಕೂಲಿಯನ್ನು ಬಿಟ್ಟು ಸುರಂಗಕ್ಕೆ ಕೈಹಾಕಲಿಲ್ಲ. ಹೊಟ್ಟೆಪಾಡಿನ ಕೆಲಸವು ಹಗಲಿಗೆ, ಹೊಸ ಕೆಲಸವು ಸಂಜೆಗೆ ಎಂದು ಗೊತ್ತುಮಾಡಿದ್ದುದರಿಂದಲೇ ಐದು ಸಲ ಸೋತರೂ ಸಂಸಾರವು ಉಪವಾಸ ಬೀಳಲಿಲ್ಲ. ಇದ್ದುದನ್ನೆಲ್ಲ ಒಮ್ಮೆಗೇ ಸುರಿದವನಿಗೆ ಒಂದೇ ಸೋಲು ಸಾಕು.

ಎರಡನೆಯದಾಗಿ, ಕೆಲಸಕ್ಕೆ ಗೊತ್ತಾದ ಹೊತ್ತಿದ್ದಲ್ಲಿ, ಇಂದು ಮಾಡೋಣವೇ ಬೇಡವೇ ಎಂಬ ಚರ್ಚೆಗೆ ಎಡೆಯಿಲ್ಲ. ಹಾಲು ಕರೆಯುವ ಹೊತ್ತಿಗೆ ಮನಸ್ಸಿನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲವಷ್ಟೆ! ದೀರ್ಘಕಾಲದ ಕಾರ್ಯವನ್ನೂ ಹಾಗೆಯೇ ನಿತ್ಯಕ್ರಮದಲ್ಲಿ ಸೇರಿಸತಕ್ಕದ್ದು. ಪಾಲು ಚಿಕ್ಕದಾದರೂ ಚಿಂತೆಯಿಲ್ಲ, ತಪ್ಪಬಾರದು.

ಮೂರನೆಯದಾಗಿ, ಅವರು ಸೋತಾಗ ಜಾಗವನ್ನು ಬದಲಿಸಿದರು, ಗುರಿಯನ್ನು ಬದಲಿಸಲಿಲ್ಲ. ಒಣಗಿದ ಸುರಂಗವನ್ನೇ ಹಟದಿಂದ ಕೊರೆಯುತ್ತ ಹೋಗುವುದು ಛಲವಲ್ಲ, ಮೊಂಡುತನ. ಒಂದು ಒಣಗಿತೆಂದು ಪಿಕಾಸಿಯನ್ನೇ ಎಸೆಯುವುದು ಹೇಡಿತನ. ಇವೆರಡರ ನಡುವಣ ದಾರಿಯನ್ನು ಹಿಡಿಯತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಸುರಂಗದೊಳಗೆ ಮಣ್ಣು ಕುಸಿಯುವ ಮತ್ತು ಗಾಳಿ ಕಡಮೆಯಾಗುವ ಅಪಾಯವುಂಟು. ನಾಯ್ಕರ ಸ್ಥೈರ್ಯವು ಅನುಕರಣೀಯವೇ ಹೊರತು ಒಂಟಿಯಾಗಿ ಗುಡ್ಡವನ್ನು ಹೊಗುವುದಲ್ಲ. ಈ ಕೆಲಸವನ್ನು ಅನುಭವಸ್ಥರ ಸಹಾಯದಿಂದಲೇ ಮಾಡಿಸತಕ್ಕದ್ದು.

ತೋಟವು ಕಲಿಸುವ ಪಾಠ

ಫಲವು ದೂರವಿದ್ದಾಗ ಮನಸ್ಸು ಸೋಲುವುದು ಸಹಜ. ಅಡಿಕೆಯ ಸಸಿಯು ಹಿಂಗಾರ ಬಿಡಲು ಸಾಮಾನ್ಯವಾಗಿ ಐದಾರು ವರ್ಷಗಳು ಬೇಕು. ಅಷ್ಟು ಕಾಲ ಬರಿಗೈಯಲ್ಲಿ ಕಾಯುವುದು ಕಷ್ಟವಾದುದರಿಂದಲೇ ಬುದ್ಧಿವಂತ ರೈತನು ಸಾಲುಗಳ ನಡುವೆ ಬಾಳೆಯನ್ನು ನೆಡುವನು. ಅದು ಎಳೆಯ ಸಸಿಗಳಿಗೆ ನೆರಳಾಗಿ, ಸುಮಾರು ಒಂದು ವರ್ಷದಲ್ಲಿಯೇ ಗೊನೆಯನ್ನೂ ಕೊಡುವುದು. ಮರವು ಎತ್ತರವಾದ ಮೇಲೆ ಕರಿಮೆಣಸಿನ ಬಳ್ಳಿಯನ್ನು ಹಬ್ಬಿಸುವನು. ಯಾವ ದೊಡ್ಡ ಕಾರ್ಯದಲ್ಲಿಯೂ ಇಂಥ ಬಾಳೆಗೊನೆಗಳನ್ನು ಮೊದಲೇ ಯೋಜಿಸತಕ್ಕದ್ದು. ಹತ್ತು ಎಕರೆ ಗುಡ್ಡವನ್ನು ತೋಟಮಾಡುವುದಾದರೆ, ಮೊದಲು ಅರ್ಧ ಎಕರೆಗೆ ಕಟ್ಟೆಯಿಟ್ಟು, ನೀರು ಹರಿಸಿ, ಸಸಿಯಿಟ್ಟು ಪೂರ್ತಿಗೊಳಿಸಬೇಕು. ಪೂರ್ತಿಯಾದ ಅರ್ಧ ಎಕರೆಯು ಕೊಡುವ ಧೈರ್ಯವನ್ನು ಅರ್ಧವಾದ ಹತ್ತು ಎಕರೆಗಳು ಎಂದಿಗೂ ಕೊಡಲಾರವು. ಆಯಾ ತಿಂಗಳಲ್ಲಿ ಆದ ಕೆಲಸವನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದೂ ಉತ್ತಮ. ಮನಸ್ಸು ಕುಗ್ಗಿದಾಗ ಆ ಲೆಕ್ಕವೇ ಸಾಕ್ಷಿಯಾಗಿ ನಿಲ್ಲುವುದು.

ಮಂಗಳೂರಿನ ಕಿತ್ತಳೆಯ ಬುಟ್ಟಿ

ಈ ನಿಯಮವು ಬೇಸಾಯಕ್ಕೆ ಮಾತ್ರ ಸಲ್ಲುವುದೆಂದು ಎಣಿಸಬಾರದು. ಮಂಗಳೂರು ನಗರದ ಬೀದಿಗಳಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಶ್ರೀ ಹರೇಕಳ ಹಾಜಬ್ಬನವರು ಶಾಲೆಯ ಮುಖವನ್ನು ಕಂಡವರಲ್ಲ. ವಿದೇಶೀಯರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಲು ಉತ್ತರಿಸಲಾರದೆ ಹೋದ ದಿನ, ತಮ್ಮೂರಿನ ಮಕ್ಕಳಿಗೆ ಈ ಸ್ಥಿತಿ ಬರಬಾರದೆಂದು ಅವರು ನಿಶ್ಚಯಿಸಿದರು. ಆಗ ಅವರ ಊರಾದ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆಯಿರಲಿಲ್ಲ. ಅವರು ಮೊದಲೇ ಕಟ್ಟಡಕ್ಕಾಗಿ ಕಾಯಲಿಲ್ಲ. ಮದರಸಾದಲ್ಲಿ ೨೮ ಮಕ್ಕಳಿಂದ ಪಾಠವು ಆರಂಭವಾಯಿತು. ಹಣ್ಣಿನ ಸಂಪಾದನೆಯಲ್ಲಿ ಉಳಿಸಿದ ಹಣ, ಕಚೇರಿಗಳಿಗೆ ಅಲೆದ ಕಾಲು, ದಾನಿಗಳ ನೆರವು ಇವು ಕೂಡಿ ಜಾಗವೂ ಕಟ್ಟಡವೂ ಒಂದೊಂದಾಗಿ ಒದಗಿ, ಸರಕಾರಿ ಶಾಲೆಯು ಪ್ರೌಢಶಾಲೆಯ ಮಟ್ಟಕ್ಕೆ ಬೆಳೆಯಿತು. ಅವರಿಗೂ ೨೦೨೦ರಲ್ಲಿ ಪದ್ಮಶ್ರೀ ಘೋಷಿತವಾಯಿತು.

ಮುಖಂಡರ ಕರ್ತವ್ಯ

ಒಂದು ಮಾತನ್ನು ಊರಿನ ಮುಖಂಡರೂ ಜಮೀನುದಾರರೂ ವಿಶೇಷವಾಗಿ ಗಮನಿಸಬೇಕು. ಕೇಪುವಿನ ಸುರಂಗದ ಹಿಂದೆ ಎರಡು ಎಕರೆ ಭೂಮಿಯನ್ನು ಕೊಟ್ಟ ಒಂದು ಕೈಯಿದ್ದಿತು. ಆ ಕೈಯಿಲ್ಲದಿದ್ದಲ್ಲಿ ಆ ಛಲಕ್ಕೆ ಊರಿಕೊಳ್ಳಲು ನೆಲವೇ ಇರುತ್ತಿರಲಿಲ್ಲ. ತಮ್ಮ ಗ್ರಾಮದಲ್ಲಿ ಯಾವನಾದರೂ ಒಂದು ದೊಡ್ಡ ಕೆಲಸವನ್ನು ಹಿಡಿದು ಮೂರನೆಯ, ನಾಲ್ಕನೆಯ ಸಲ ಸೋತಿದ್ದರೆ, ಅವನನ್ನು ನಗುವವರ ಗುಂಪಿನಲ್ಲಿ ತಾವು ಸೇರಬಾರದು. ಒಂದು ಪಿಕಾಸಿಯನ್ನೋ, ಒಂದು ದಿನದ ಆಳನ್ನೋ, ಒಂದು ಒಳ್ಳೆಯ ಮಾತನ್ನೋ ಕೊಡಿರಿ. ತಮ್ಮ ಸ್ವಂತ ಕೆಲಸವು ನಿಂತಿದ್ದರೆ, ಮುಂದಿನ ಮಳೆಗಾಲವನ್ನು ಕಾಯದೆ ನಾಳಿನ ಒಂದು ಗಂಟೆಯನ್ನು ಅದಕ್ಕೆ ಮೀಸಲಿಡಿರಿ.