ನಿಮಗಿದು ಗೊತ್ತೇ? ಬೆಲ್ಲ ಕಿತ್ತಳೆ, ತಾಂಡೂರು ಕಲ್ಲು ಹಸಿರು

ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದ ಎಕ್ಸ್‌ರೇ ಪರದೆಯ ಮೇಲೆ ನಮ್ಮ ಗಡಿಯೂರುಗಳ ಚೀಲ ಬರೀ ಮೂರ್ನಾಲ್ಕು ಬಣ್ಣದಲ್ಲಿ ಕಾಣುತ್ತದೆ, ಗೊತ್ತೇ? ಜಹೀರಾಬಾದಿನ ಬೆಲ್ಲ, ನಾರಾಯಣಖೇಡದ ಜೋಳದ ರೊಟ್ಟಿ, 2022ರಲ್ಲಿ ಜಿಐ ಮಾನ್ಯತೆ ಪಡೆದ ತಾಂಡೂರು ತೊಗರಿ ಎಲ್ಲವೂ ಕಿತ್ತಳೆ. ತಾಂಡೂರಿನ ಹಾಸುಗಲ್ಲಿನ ಒಂದು ತುಂಡು ಇಟ್ಟರೆ ಅದು ಹಸಿರು. ಪಕ್ಕದ ಬೀದರಿನಿಂದ ತಂದ ಬಿದರಿ ಹೂಜಿ ನೀಲಿ, ದಪ್ಪಗಿದ್ದರೆ ಕಪ್ಪು.

ಯಂತ್ರ ಬಣ್ಣ ನೋಡಿ ಬಣ್ಣ ಹಚ್ಚುವುದಿಲ್ಲ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಹಾಯಿಸಿ, ಯಾವುದನ್ನು ವಸ್ತು ಎಷ್ಟು ಹೀರಿತು ಎಂದು ತಾಳೆ ಹಾಕುತ್ತದೆ. ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕದಂಥ ಹಗುರ ಪರಮಾಣುಗಳು ತುಂಬಿದ್ದರೆ ಕಿತ್ತಳೆ. ಸುಣ್ಣಕಲ್ಲು, ಉಪ್ಪು, ಅಲ್ಯೂಮಿನಿಯಂ ಹಸಿರು. ಕಬ್ಬಿಣ, ತಾಮ್ರ, ಸತು ನೀಲಿ. ಕಿರಣವೇ ಹಾಯದಷ್ಟು ದಟ್ಟವಾಗಿದ್ದರೆ ಕಪ್ಪು, ಆಗ ಚೀಲ ಬಿಚ್ಚಲೇಬೇಕು.

ತೊಡಕು ಇರುವುದು ಕಿತ್ತಳೆಯಲ್ಲಿ. ಬಹುಪಾಲು ಸ್ಫೋಟಕಗಳೂ ಇದೇ ನಾಲ್ಕು ಹಗುರ ಧಾತುಗಳಿಂದ ಆದವು. ಹಾಗಾಗಿ ಬೆಲ್ಲದ ಅಚ್ಚು, ಚಾಕೊಲೇಟು, ಚೀಸ್‌ ಗಡ್ಡೆಗಳು ಪರದೆಯ ಮೇಲೆ ಅವುಗಳ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಮ್ಮೆ ನಮ್ಮ ಕಾಕು ಮಗನ ಮನೆಗೆಂದು ಕಟ್ಟಿದ್ದ ಎರಡು ಕಿಲೋ ಶೇಂಗಾ ಹಿಂಡಿಯನ್ನು ಒಂದು ನಿಲ್ದಾಣದಲ್ಲಿ ಬಿಚ್ಚಿ, ಮೂಸಿ, ಮತ್ತೆ ಕಟ್ಟಿಕೊಟ್ಟರು. ‘ಹಿಂಡಿಗೇನು ಕಳ್ಳತನ ಬರ್ತದೇನ್ರಿ?’ ಅಂತ ಕಾಕು ಇಡೀ ಹಾದಿ ಗೊಣಗಿದರು. ತಪ್ಪು ಕಾಕುವಿನದೂ ಅಲ್ಲ, ಕಾವಲಿನವನದೂ ಅಲ್ಲ, ರಸಾಯನಶಾಸ್ತ್ರದ್ದು.

*

ನೂರಕ್ಕೆ ಒಂದು ಸಲ ಮಾತ್ರ ತಪ್ಪಾಗಿ ಕೂಗುವ ಯಂತ್ರ ಒಳ್ಳೆಯದೇ? ಹೌದೆನ್ನುವ ಮೊದಲು ಲೆಕ್ಕ ಹಾಕಿ. ಹೈದರಾಬಾದ್ ನಿಲ್ದಾಣದಲ್ಲಿ 2023-24ರಲ್ಲಿ ಸುಮಾರು 2.5 ಕೋಟಿ ಪ್ರಯಾಣಿಕರು ಓಡಾಡಿದರು. ದಿನಕ್ಕೆ ಸುಮಾರು 68,000. ಅವರೆಲ್ಲರೂ ಅಂಥ ಯಂತ್ರದ ಮುಂದೆ ಹಾದರೆಂದುಕೊಂಡರೆ ದಿನವೂ 680 ನಿರಪರಾಧಿಗಳ ಮೇಲೆ ಅದು ಕೂಗುತ್ತದೆ. ವರ್ಷಗಟ್ಟಲೆ ಆ 680ರಲ್ಲಿ ಒಬ್ಬನೂ ಕೇಡಿಗ ಇರುವುದಿಲ್ಲ. ‘ತೋಳ ಬಂತು’ ಕೇಳಿ ಕೇಳಿ ಕಿವಿ ಮಂದವಾದ ಊರಿನಂತೆ, ಪರದೆಯ ಮುಂದಿನವರ ಕಣ್ಣೂ ಮಂದವಾಗುತ್ತದೆ.

ಇದು ಬರೀ ಊಹೆಯಲ್ಲ. ಅಮೆರಿಕದ ಜೆರೆಮಿ ವೂಲ್ಫ್ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಅಪರೂಪದ್ದನ್ನು ಕಣ್ಣು ಎಷ್ಟು ಸಲ ತಪ್ಪಿಸುತ್ತದೆಂದು ಅಳೆಯಿತು. ಹುಡುಕಬೇಕಾದ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನರ ಕಣ್ಣಿಗೆ ತಪ್ಪಿದ್ದು ಶೇಕಡಾ 7. ಅದೇ ವಸ್ತು ನೂರರಲ್ಲಿ ಒಂದೇ ಚಿತ್ರದಲ್ಲಿ ಇದ್ದಾಗ ಶೇಕಡಾ 30! ಕಣ್ಣು ಅದೇ, ಪರದೆ ಅದೇ. ಅಪರೂಪದ್ದನ್ನು ಮನಸ್ಸು ‘ಇರಲಿಕ್ಕಿಲ್ಲ’ ಎಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ತೊಗರಿಬೇಳೆಯಲ್ಲಿ ಕಲ್ಲು ಆರಿಸಿದವರಿಗೆ ಇದು ಗೊತ್ತು: ಕಲ್ಲು ಹೆಚ್ಚಿರುವ ಬೇಳೆಯ ಕಲ್ಲು ಹಲ್ಲಿಗೆ ಸಿಗುವುದಿಲ್ಲ, ಒಂದೇ ಕಲ್ಲಿರುವ ಬೇಳೆಯದು ಸಿಗುತ್ತದೆ.

ಇದಕ್ಕೊಂದು ಮದ್ದು ಹುಡುಕಿದ್ದಾರೆ. ಕೆಲವು ಯಂತ್ರಗಳು ನಿಜವಾದ ಚೀಲದ ಚಿತ್ರದೊಳಗೆ ಆಗಾಗ ಒಂದು ಸುಳ್ಳು ಪಿಸ್ತೂಲು, ಸುಳ್ಳು ಚಾಕು ತೂರಿಸುತ್ತವೆ. ಗುರುತಿಸಿದರೆ ಶಹಭಾಸ್, ತಪ್ಪಿದರೆ ಹೆಸರಿನ ಮುಂದೆ ಗುರುತು. ನಿಮ್ಮ ಚೀಲದಲ್ಲಿ ಪಿಸ್ತೂಲು ಕಂಡು ಕಾವಲಿನವ ಒಂದು ಕ್ಷಣ ಬೆಚ್ಚಿದ್ದರೂ ಬೆಚ್ಚಿರಬಹುದು, ನಿಮಗೆ ತಿಳಿಯುವುದಿಲ್ಲ.

ಯುರೋಪಿನ ನಿಯಮದಲ್ಲಿ ಒಬ್ಬರು ಒಂದೇ ಸಮನೆ ಪರದೆ ನೋಡಬಹುದಾದ ಅವಧಿ 20 ನಿಮಿಷ. ಆಮೇಲೆ ಕಣ್ಣಿಗೆ ಬಿಡುವು.

*

ಪರೀಕ್ಷೆ ಮಾಡುವವರನ್ನೇ ಪರೀಕ್ಷಿಸಿದರೆ? 2015ರಲ್ಲಿ ಅಮೆರಿಕದಲ್ಲಿ ಸರ್ಕಾರಿ ಗುಪ್ತ ತಂಡಗಳು ನಕಲಿ ಬಾಂಬು, ಆಯುಧ ಹೊತ್ತು ನಿಲ್ದಾಣಗಳೊಳಗೆ ನುಗ್ಗಿದವು. 70 ಪ್ರಯತ್ನಗಳಲ್ಲಿ 67 ಪಾಸಾದವು ಎಂದು ಸುದ್ದಿಯಾಯಿತು. ಸಿಕ್ಕಿದ್ದು ಮೂರು. ಭದ್ರತಾ ಸಂಸ್ಥೆಯ ಹಂಗಾಮಿ ಮುಖ್ಯಸ್ಥರನ್ನು ಕೂಡಲೇ ಎತ್ತಂಗಡಿ ಮಾಡಿದರು.

ಹಾಗಾದರೆ ಇದೆಲ್ಲ ದೊಂಬರಾಟವೇ? ಅಷ್ಟು ಸಲೀಸಾಗಿ ಹಾಗನ್ನುವಂತಿಲ್ಲ. ಅಮೆರಿಕ 1973ರ ಜನವರಿ 5ರಿಂದ ಪ್ರತಿ ಪ್ರಯಾಣಿಕನ ತಪಾಸಣೆ ಕಡ್ಡಾಯ ಮಾಡಿತು. ಅದಕ್ಕೆ ಮುಂಚೆ ಅಲ್ಲಿ ವಿಮಾನ ಅಪಹರಣ ಬಸ್ಸು ತಡೆದಷ್ಟು ಸಾಮಾನ್ಯವಾಗಿತ್ತು. ಆ ವರ್ಷ ಅಪಹರಣಗಳ ಸಂಖ್ಯೆ ಒಮ್ಮೆಲೇ ಕುಸಿಯಿತು. ಕೈಯಲ್ಲಿ ಬಂದೂಕು ಹಿಡಿದು ಬರುವವನನ್ನು ಲೋಹಶೋಧಕದ ಚೌಕಟ್ಟು ನಿಲ್ಲಿಸುತ್ತದೆ. ಅದಕ್ಕಿಂತ ಜಾಣನನ್ನು ನಿಲ್ಲಿಸುತ್ತದೆಯೇ ಎಂಬುದು ಪ್ರಶ್ನೆ.

2001ರ ಸೆಪ್ಟೆಂಬರ್ 11ರಂದು ಅಮೆರಿಕದ ಡಲೆಸ್ ನಿಲ್ದಾಣದಲ್ಲಿ ಕೆಲವು ಅಪಹರಣಕಾರರು ಚೌಕಟ್ಟು ದಾಟುವಾಗ ಯಂತ್ರ ಕೂಗಿತ್ತು. ಕೈಶೋಧಕ ಆಡಿಸಿ ಒಳಗೆ ಬಿಟ್ಟರು. ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಾಕುವಿಗೆ ಆಗ ಅಡ್ಡಿಯೇ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ, ಹತ್ತೊಂಬತ್ತು ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ಕಂಪ್ಯೂಟರು ‘ಗಮನಿಸಿ’ ಎಂದು ಮೊದಲೇ ಆರಿಸಿತ್ತು. ಆದರೆ ಹಾಗೆ ಆರಿಸಿದವರ ಲಗೇಜಿನ ಮೇಲೆ ಮಾತ್ರ ಹೆಚ್ಚಿನ ನಿಗಾ, ಆಳಿನ ಮೇಲಲ್ಲ.

‘ಭದ್ರತೆಯ ನಾಟಕ’ ಎಂಬ ಮಾತನ್ನು ಹುಟ್ಟುಹಾಕಿದವರು ಭದ್ರತಾ ತಜ್ಞ ಬ್ರೂಸ್ ಶ್ನೈಯರ್. ಆ ದಾಳಿಯ ಬಳಿಕ ವಿಮಾನಯಾನವನ್ನು ನಿಜಕ್ಕೂ ಸುರಕ್ಷಿತ ಮಾಡಿದ್ದು ಎರಡೇ ಎಂದು ಅವರ ವಾದ: ಪೈಲಟ್ ಕೋಣೆಯ ಗಟ್ಟಿ ಬಾಗಿಲು, ಸುಮ್ಮನೆ ಕೂರದೆ ಎದುರಿಸಬೇಕೆಂದು ಕಲಿತ ಪ್ರಯಾಣಿಕರು.

*

ಏರ್ ಇಂಡಿಯಾದ ಕನಿಷ್ಕ ವಿಮಾನ ಸಿಡಿದದ್ದು 1985ರ ಜೂನ್ 23ರಂದು, ಸತ್ತವರು 329 ಮಂದಿ. ಬಾಂಬಿದ್ದ ಸೂಟ್‌ಕೇಸಿನ ಒಡೆಯ ವಿಮಾನ ಹತ್ತಿರಲೇ ಇಲ್ಲ! ವ್ಯಾಂಕೂವರಿನಲ್ಲಿ ಹಟ ಮಾಡಿ ಚೀಲವನ್ನು ಮುಂದಿನ ವಿಮಾನಕ್ಕೆ ಹಾಕಿಸಿದ, ತಾನು ಉಳಿದ. ಟೊರಾಂಟೊದಲ್ಲಿ ಎಕ್ಸ್‌ರೇ ಯಂತ್ರ ಮಧ್ಯದಲ್ಲಿ ಕೆಟ್ಟಿತು. ಬದಲಿಗೆ ಕೈಯಲ್ಲಿ ಹಿಡಿಯುವ ಮೂಸುಯಂತ್ರ ಬಳಸಿದರು. ಅದು ಒಂದು ಚೀಲದ ಹತ್ತಿರ ಸಣ್ಣಗೆ ಸದ್ದು ಮಾಡಿದರೂ ಚೀಲ ಮುಂದೆ ಹೋಯಿತು. ಇವತ್ತು ನೀವು ಹತ್ತದಿದ್ದರೆ ನಿಮ್ಮ ಲಗೇಜನ್ನು ಹೊಟ್ಟೆಯಿಂದ ಇಳಿಸಿ ವಿಮಾನ ತಡಮಾಡುತ್ತಾರಲ್ಲ, ಆ ಸಿಡುಕಿನ ಹಿಂದೆ ಈ ಸೂಟ್‌ಕೇಸು ಇದೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಪಟ್ಟಿ ನೋಡಿ. 1976ರ ವಿಮಾನ ಅಪಹರಣವೊಂದರ ಬಳಿಕ, 1978ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಮೊದಲ ಘಟಕ. ಕನಿಷ್ಕದ ಬಳಿಕ, 1987ರಲ್ಲಿ ಅದೇ ಬ್ಯೂರೋ ಸ್ವತಂತ್ರ ಇಲಾಖೆ. 1999ರ ಡಿಸೆಂಬರಿನ ಕಂದಹಾರ್ ಅಪಹರಣದ ಬಳಿಕ, 2000ರ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ನಿಲ್ದಾಣಗಳ ಕಾವಲು ಸಿಐಎಸ್‌ಎಫ್‌ಗೆ. (ಕಂದಹಾರಿಗೆ ಹೋದ ವಿಮಾನಕ್ಕೆ ಆಯುಧ ಏರಿದ್ದು ಕಾಠ್ಮಂಡುವಿನಲ್ಲಿ, ನಮ್ಮ ಯಾವ ನಿಲ್ದಾಣದಲ್ಲೂ ಅಲ್ಲ.) 2001ರ ಡಿಸೆಂಬರಿನಲ್ಲಿ ಒಬ್ಬ ಬೂಟಿನಲ್ಲಿ ಬಾಂಬಿಟ್ಟ, ಅಮೆರಿಕದವರು ಎಲ್ಲರ ಬೂಟು ಬಿಚ್ಚಿಸಿದರು, ಆ ನಿಯಮ ಕೈಬಿಟ್ಟದ್ದು 2025ರ ಜುಲೈನಲ್ಲಿ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾಯಿತು, 100 ಮಿಲಿಲೀಟರಿನ ಕಟ್ಟಳೆ ಬಂತು. 2009ರ ಕ್ರಿಸ್‌ಮಸ್ ದಿನ ಒಳಉಡುಪಿನ ಬಾಂಬು, ಆಮೇಲೆ ಮೈಸ್ಕ್ಯಾನರು.

ಯಂತ್ರಕ್ಕಿಂತ ಮಾತು ಗೆದ್ದ ಉದಾಹರಣೆಯೂ ಉಂಟು. 1986ರ ಏಪ್ರಿಲ್ 17ರಂದು ಹೀಥ್ರೂದಲ್ಲಿ ಒಬ್ಬ ಗರ್ಭಿಣಿಯ ಚೀಲ ಎಕ್ಸ್‌ರೇ ದಾಟಿಬಂದಿತ್ತು. ಇಸ್ರೇಲಿನ ಎಲ್ ಆಲ್ ವಿಮಾನ ಸಂಸ್ಥೆಯ ಕಾವಲಿನವರು ಸುಮ್ಮನೆ ಕುಶಲ ಕೇಳಿದಂತೆ ಪ್ರಶ್ನೆ ಕೇಳಿದರು, ಉತ್ತರ ಎಡವಿತು, ಚೀಲದ ಕಳ್ಳತಳದಲ್ಲಿ ಸುಮಾರು ಒಂದೂವರೆ ಕಿಲೋ ಸ್ಫೋಟಕ ಸಿಕ್ಕಿತು. ಆಕೆಗೆ ಅದೇನೂ ತಿಳಿದಿರಲಿಲ್ಲ. ಮದುವೆಯಾಗುವೆನೆಂದ ಗೆಳೆಯನೇ ಕಟ್ಟಿಕೊಟ್ಟಿದ್ದ.

*

ಚಿನ್ನಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಲೋಹಶೋಧಕ ಯಾಕೆ ಕೂಗುತ್ತದೆ? ಅದು ಅಯಸ್ಕಾಂತ ಹುಡುಕುವುದಿಲ್ಲ. ವಿದ್ಯುತ್ತು ಹರಿಯುವ ಯಾವ ಲೋಹವಾದರೂ ಅದರ ಕ್ಷೇತ್ರದಲ್ಲಿ ಸಿಕ್ಕರೆ ಒಳಗೊಳಗೇ ಸುಳಿಪ್ರವಾಹ ಏಳುತ್ತದೆ, ಚೌಕಟ್ಟು ಅದನ್ನು ಹಿಡಿಯುತ್ತದೆ. ತಾಳಿಸರ, ತಾಂಡಾದ ಅಜ್ಜಿಯ ಹಿತ್ತಾಳೆ ಕಾಲ್ಗಡಗ, ಮುರಿದ ಕಾಲಿಗೆ ಹಾಕಿದ ಸ್ಟೀಲು ಸರಳು, ಎಲ್ಲಕ್ಕೂ ಒಂದೇ ನ್ಯಾಯ. ಪ್ಲಾಸ್ಟಿಕ್ಕು, ಪಿಂಗಾಣಿಗೆ ಮಾತ್ರ ಅದು ಕುರುಡು.

ಬಟ್ಟೆಚೂರಿನಿಂದ ಕೈ, ಚೀಲ ಒರೆಸಿ ಯಂತ್ರಕ್ಕೆ ತೂರಿಸುತ್ತಾರಲ್ಲ, ಅದು ಸ್ಫೋಟಕದ ಅಣುಕಣ ಹುಡುಕುತ್ತದೆ. ತಾಂಡೂರಿನ ಸುಣ್ಣಕಲ್ಲು ಗಣಿಯಲ್ಲಿ ಮದ್ದು ತುಂಬುವವರು ಕೆಲಸದ ಚೀಲವನ್ನೇ ಪ್ರಯಾಣಕ್ಕೂ ತಂದರೆ ಆ ಯಂತ್ರ ಕೂಗಿಯೇತು. ಊರಿಗೊಂದು ಬೇರೆ ಚೀಲ ಇಟ್ಟುಕೊಳ್ಳುವುದು ಮೇಲು.

ಕೊಬ್ಬರಿ? ವಿಮಾನದ ನಿಯಮದಲ್ಲಿ ಅದು ‘ತಾನಾಗಿ ಹೊತ್ತಿಕೊಳ್ಳಬಲ್ಲ’ ವಸ್ತು, ವರ್ಗ 4.2. ಎಣ್ಣೆಯ ಅಂಶ ಅಷ್ಟಿದೆ. ಅಯ್ಯಪ್ಪ ಮಾಲಾಧಾರಿಗಳ ಇರುಮುಡಿಯ ತುಪ್ಪದ ಕಾಯಿಗೂ ಕ್ಯಾಬಿನ್ನಿನಲ್ಲಿ ಅಡ್ಡಿಯಿತ್ತು. 2022-23ರ ಮತ್ತು 2024-25ರ ಶಬರಿಮಲೆ ಋತುಗಳಲ್ಲಿ ಜನವರಿ 20ರವರೆಗೆ ಭದ್ರತಾ ಬ್ಯೂರೋ ವಿನಾಯಿತಿ ಕೊಟ್ಟಿತು: ಎಕ್ಸ್‌ರೇ, ಅಣುಕಣ ಪರೀಕ್ಷೆ, ಕೈತಪಾಸಣೆ ಮೂರೂ ಆಗಬೇಕಿತ್ತು. ಸ್ವಾಮಿಯೇ ಶರಣಂ ಅಂದುಕೊಂಡು ಸಾಲಿನಲ್ಲಿ ನಿಲ್ಲಬೇಕಿತ್ತು.

ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಬರುವ ಸಿಖ್ಖರು ಕಿರ್ಪಾನ್ ಧರಿಸಿಯೇ ದೇಶದೊಳಗಿನ ವಿಮಾನ ಹತ್ತಬಹುದು. ಅಲಗು 6 ಅಂಗುಲ, ಒಟ್ಟು 9 ಅಂಗುಲ ಮೀರಬಾರದು. ನಿಮ್ಮ ಉಗುರು ಕತ್ತರಿ ಕಸಿದುಕೊಂಡರೆ ಆ ಲೆಕ್ಕ ತೆಗೆದು ಜಗಳಕ್ಕೆ ನಿಲ್ಲಬೇಡಿ, ಗೆಲ್ಲುವುದಿಲ್ಲ.

ಪವರ್‌ಬ್ಯಾಂಕ್ ಮಾತ್ರ ತಿರುಗುಮುರುಗು: ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಕೂಡದು. ಮೇಲೆ ಹೊತ್ತಿಕೊಂಡರೆ ಯಾರಾದರೂ ನೋಡುತ್ತಾರೆ, ಹೊಟ್ಟೆಯಲ್ಲಿ ಹೊತ್ತಿಕೊಂಡರೆ ಯಾರೂ ನೋಡುವುದಿಲ್ಲ.

ಕೈಚೀಲದ ಚೀಟಿಗೆ ಠಸ್ಸೆ ಒತ್ತುವ ಪದ್ಧತಿ ನೆನಪಿದೆಯೇ? 2017ರ ಏಪ್ರಿಲ್ 1ರಿಂದ ಹೈದರಾಬಾದ್, ಬೆಂಗಳೂರು ಸೇರಿ ಏಳು ನಿಲ್ದಾಣಗಳು ಅದನ್ನು ಬಿಟ್ಟವು. ಠಸ್ಸೆಯಿಲ್ಲವೆಂದು ವಿಮಾನದ ಬಾಗಿಲಿನಿಂದ ಓಡೋಡಿ ಬಂದವರ ಉಸಿರು ಈಗ ಉಳಿದಿದೆ.

*

ಕಡೆಗೆ ಎರಡು ಅಪಹರಣ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟ ‘ಗಂಗಾ’ ವಿಮಾನವನ್ನು ಇಬ್ಬರು ಲಾಹೋರಿಗೆ ತಿರುಗಿಸಿದರು. ಕೈಯಲ್ಲಿದ್ದದ್ದು ನಕಲಿ ಪಿಸ್ತೂಲು ಮತ್ತು ಮರದ ಗ್ರೆನೇಡು. 1978ರ ಡಿಸೆಂಬರ್ 20ರಂದು ಲಖನೌದಿಂದ ದೆಹಲಿಗೆ ಹೊರಟ ವಿಮಾನವನ್ನು ವಾರಾಣಸಿಗೆ ತಿರುಗಿಸಿದ ಪಾಂಡೆ ಹೆಸರಿನ ಇಬ್ಬರ ಆಯುಧ ಆಟಿಕೆ ಪಿಸ್ತೂಲು, ಬಟ್ಟೆ ಸುತ್ತಿದ ಕ್ರಿಕೆಟ್ ಚೆಂಡು. ಈ ಇಬ್ಬರೂ ಮುಂದೆ ಶಾಸಕರಾದರು!

ಇವತ್ತಿನ ಯಂತ್ರದೊಳಗೆ ಆ ಮರದ ಗ್ರೆನೇಡು ಹಾಯಿಸಿದರೆ ಬಣ್ಣ ಕಿತ್ತಳೆ. ಬೆಂಡು, ದಾರ, ಚರ್ಮದ ಕ್ರಿಕೆಟ್ ಚೆಂಡೂ ಕಿತ್ತಳೆಯೇ, ಕಾಕುವಿನ ಶೇಂಗಾ ಹಿಂಡಿಯಷ್ಟೇ ಕಿತ್ತಳೆ.